ತೋಟದ ಹಂದಿಗೆ ಯಾವ ದುರ್ಬೀನು: ಡಿಜಿಟಲೋ, ಟ್ಯೂಬೋ, ಥರ್ಮಲೋ?

ಹದಿನಾಲ್ಕು ಸಾವಿರ ರೂಪಾಯಿ ಕೊಟ್ಟು ತರಿಸಿದ ಡಿಜಿಟಲ್ ನೈಟ್ ವಿಷನ್ ದುರ್ಬೀನು ನನಗೆ ಹಂದಿಗಿಂತ ಹೆಚ್ಚಾಗಿ ಅಡಕೆ ಮರದ ಬುಡಗಳನ್ನೇ ತೋರಿಸಿತು. ಆ ಪೆಟ್ಟು ತಿಂದ ಬಳಿಕ ನೆರೆಯ ಎರಡು ಮನೆಯವರೊಂದಿಗೆ ಪಾಲು ಹಾಕಿ ಕೊಂಡ ಥರ್ಮಲ್ ಮಾನೋಕ್ಯುಲರ್ (ಶಾಖವನ್ನು ಕಾಣಿಸುವ ಒಂಟಿಗಣ್ಣಿನ ದುರ್ಬೀನು) ಈಗ ನನ್ನ ಮೆಚ್ಚಿನದು. ಆದ್ದರಿಂದ ಈ ಹೋಲಿಕೆಯ ತಕ್ಕಡಿ ಮೊದಲೇ ಒಂದು ಕಡೆಗೆ ವಾಲಿದೆಯೆಂದು ತಿಳಿದೇ ಓದಬೇಕು.

ನಮ್ಮ ಜಾಗ ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಒಳಗೆ, ಕಾರಡ್ಕದ ಕಾಡಿನ ಕಡೆಯ ಗುಡ್ಡೆಯ ಬುಡದಲ್ಲಿದೆ. ಕಳೆದ ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಒಂದೇ ರಾತ್ರಿ ನಲುವತ್ತು ಬಾಳೆಗಿಡಗಳನ್ನು ಹಂದಿಗಳು ಬುಡಸಹಿತ ಮಗುಚಿದವು. ಟಾರ್ಚು ಹಿಡಿದು ಹೋದರೆ ಬೆಳಕು ತಲಪುವಷ್ಟರಲ್ಲಿ ಅವು ಗುಡ್ಡೆಯ ಬರೆ ಹತ್ತಿರುತ್ತವೆ. ಮೇಲಾಗಿ, ಬೆಕ್ಕು ಮತ್ತು ಪುನುಗುಬೆಕ್ಕುಗಳ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಪದರವೊಂದು ಇರುವುದರಿಂದ ಅವು ಟಾರ್ಚಿಗೆ ಮಿನುಗಿ ಸಿಕ್ಕಿಬೀಳುತ್ತವೆ. ಹಂದಿಯ ಕಣ್ಣಿನಲ್ಲಿ ಆ ಪದರವೇ ಇಲ್ಲ. ಹಂದಿಯನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಕೇರಳ ಸರಕಾರವು 2022ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ವಹಿಸಿದೆಯಾದರೂ, ನನಗೆ ಕೋವಿಯ ಉಸಾಬರಿ ಬೇಡ. ಅವು ಎಲ್ಲಿಂದ ನುಗ್ಗುತ್ತವೆಂದು ತಿಳಿದು ಅಲ್ಲಿ ಬೇಲಿ ಭದ್ರಪಡಿಸುವುದಷ್ಟೇ ನನ್ನ ಉದ್ದೇಶ.

ಡಿಜಿಟಲ್ ದುರ್ಬೀನಿನೊಳಗೆ ಇರುವುದು ಮೊಬೈಲಿನಲ್ಲಿರುವಂಥ ಕ್ಯಾಮೆರಾ ಸೆನ್ಸರು. ಕತ್ತಲಿನಲ್ಲಿ ಅದು ತನ್ನದೇ ಅವಗೆಂಪು (ಇನ್‌ಫ್ರಾರೆಡ್) ದೀಪವನ್ನು ಬೀರಿ, ಮರಳಿದ ಬೆಳಕಿನಿಂದ ಕಪ್ಪು ಬಿಳುಪು ಚಿತ್ರ ಕಟ್ಟುತ್ತದೆ. ಮನೆಯ ಅಂಗಳದಲ್ಲಿ ನಿಂತು ಎದುರಿನ ಗದ್ದೆಯನ್ನು ನೋಡಿದಾಗ ಚಿತ್ರವು ಎಷ್ಟು ನಿಚ್ಚಳವಾಗಿತ್ತೆಂದರೆ, ದುಡ್ಡು ಸಾರ್ಥಕವಾಯಿತೆಂದು ಮನೆಯಾಕೆಯನ್ನೂ ಕರೆದು ತೋರಿಸಿದೆ.

ಮರುದಿನ ರಾತ್ರಿ ತೋಟಕ್ಕೆ ಇಳಿದಾಗ ಬಣ್ಣ ಬಯಲಾಯಿತು. ಅಡಕೆ ಮರಗಳ ನಡುವೆ ಇರುವ ಅಂತರ ಒಂಬತ್ತು ಅಡಿ. ಬಿಸಿಲಿನ ಹೊಡೆತ ತಪ್ಪಿಸಲು ಅಂಚಿನ ಸಾಲುಗಳಿಗೆ ಸುಣ್ಣ ಬಳಿದಿದ್ದೆ. ಒಳಗಿನ ಮರಗಳ ಮೈಮೇಲೂ ಬಿಳಿಯ ಕಲ್ಲುಹೂವಿನ ಮಚ್ಚೆಗಳಿವೆ. ದೀಪದ ಬೆಳಕೆಲ್ಲ ಹತ್ತಿರದ ಎರಡು ಬಿಳಿ ಕಾಂಡಗಳಿಗೆ ಬಡಿದು ಕಣ್ಣಿಗೆ ರಾಚುವಂತೆ ಮರಳಿತು. ಪ್ರಖರತೆಯನ್ನು ತಾನಾಗಿ ಹೊಂದಿಸಿಕೊಳ್ಳುವ ಯಂತ್ರವು ಆ ಹೊಳಪಿಗೆ ಹೆದರಿ ಇಡೀ ಚಿತ್ರವನ್ನು ಮಬ್ಬು ಮಾಡಿತು. ಕಾಂಡದಿಂದಾಚೆ ಎಲ್ಲವೂ ಮಸಿ. ಒಂದು ಹೆಜ್ಜೆ ಬಲಕ್ಕೆ ಸರಿದರೆ ಕರಿಮೆಣಸಿನ ಎಲೆಗಳು ಅಡ್ಡ ಬಂದು ಅದೇ ಕಥೆ. ಆಚೆ ಕಡೆ ಬಾಳೆಯ ದಂಟು ಮುರಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು, ನಾನು ಮಾತ್ರ ಸುಣ್ಣವನ್ನು ನೋಡುತ್ತ ನಿಂತಿದ್ದೆ.

ದೀಪವನ್ನು ಕಡಿಮೆ ಮಾಡಿ ನೋಡಿದೆ. ಕಾಂಡಗಳ ಹೊಳಪಿನೊಂದಿಗೆ ದೂರದ ನೋಟವೂ ಹೋಯಿತು. ದೀಪದ ಅರ್ಧಕ್ಕೆ ಕಪ್ಪು ಟೇಪು ಸುತ್ತಿದೆ, ಬೆಳಕಿನ ವೃತ್ತ ಕಿರಿದಾಯಿತೇ ಹೊರತು ಗುಣವಾಗಲಿಲ್ಲ. ತೋಡಿನಿಂದ ಮಂಜು ಏಳುವ ಬೆಳಗಿನ ಜಾವದಲ್ಲಂತೂ ಕಣ್ಣೆದುರು ಹಾಲಿನ ಪರದೆ ಕಟ್ಟಿದಂತೆ. ಮುನ್ನೂರು ಮೀಟರು ಕಾಣಿಸುತ್ತದೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದವನು ಬಯಲನ್ನು ಮಾತ್ರ ಕಂಡಿರಬೇಕು. ಇದರ 850 ನ್ಯಾನೋಮೀಟರ್ ತರಂಗಾಂತರದ ದೀಪವು ಎದುರಿನಿಂದ ನೋಡಿದರೆ ಮಂದ ಕೆಂಡದಂತೆ ಕಾಣುತ್ತದೆ. ಕಣ್ಣಿಗೆ ಬೀಳದ 940ರ ದೀಪ ಸಿಗುತ್ತದಾದರೂ ಸೆನ್ಸರಿಗೆ ಆ ಬೆಳಕು ಅಷ್ಟಾಗಿ ಹಿಡಿಸದ ಕಾರಣ ನೋಟದ ದೂರ ಇನ್ನೂ ಇಳಿಯುತ್ತದೆ.

ಟ್ಯೂಬಿನ ದುರ್ಬೀನನ್ನು ಭಾವನ ಬಳಿ ಎರವಲು ಪಡೆದೆ: ಹಳೆಯ ರಷ್ಯನ್ ಮಾದರಿ, ಮೊದಲ ತಲೆಮಾರಿನದು. ಇರುವ ನಕ್ಷತ್ರದ ಬೆಳಕನ್ನೇ ಹಿಗ್ಗಿಸಿ ಹಸಿರು ಚಿತ್ರ ಕೊಡುವ ಇದು ಬೆಳದಿಂಗಳಿನ ಗದ್ದೆಯಲ್ಲಿ ಸೊಗಸು. ಸೋಗೆಯ ಚಪ್ಪರದಡಿಯ ಅಮಾವಾಸ್ಯೆಯಲ್ಲಿ ಹಿಗ್ಗಿಸಲು ಬೆಳಕೇ ಇಲ್ಲ. ಒಳ್ಳೆಯ ಮೂರನೆಯ ತಲೆಮಾರಿನ ಟ್ಯೂಬು ನಮ್ಮಂಥವರ ಕೈಗೆ ಸಿಗುವಂಥದ್ದಲ್ಲ.

ಥರ್ಮಲ್ ಉಪಕರಣಕ್ಕೆ ಬೆಳಕಿನ ಹಂಗೇ ಇಲ್ಲ. ವಸ್ತುಗಳ ಮೈಯಿಂದ ಹೊರಡುವ ಶಾಖವೇ ಅದಕ್ಕೆ ಸಾಕು. ನಮ್ಮದು 256 x 192 ಬಿಂದುಗಳ ಸೆನ್ಸರಿನ ಅಗ್ಗದ ವರ್ಗದ್ದು. ಮೊದಲ ರಾತ್ರಿಯೇ ಕಣಿಯ ಆಚೆ, ಬಾಳೆ ಎಲೆಗಳ ಸಂದಿನಲ್ಲಿ, ಬೆಳ್ಳಗಿನ ತುಣುಕುಗಳು ಅಲುಗಾಡಿದವು. ಅವು ಸೇರಿ ಒಂದು ಹೆಣ್ಣು ಹಂದಿ ಮತ್ತು ಐದು ಮರಿಗಳಾದವು. ಅವು ಹೋದ ಮೇಲೂ ಅಗೆದ ಮಣ್ಣು ಸುತ್ತಲಿನ ನೆಲಕ್ಕಿಂತ ತುಸು ಬೆಳ್ಳಗೆ ಉಳಿದಿತ್ತು. ಮೂರನೆಯ ರಾತ್ರಿ ಅವು ಬರುವ ದಾರಿ ತಿಳಿಯಿತು: ಬೇಲಿಯ ತಡಮೆಯ ಪಕ್ಕದಲ್ಲಿ ಮಳೆಗೆ ಕುಸಿದಿದ್ದ ಅಗಳಿನ (ಕಂದಕದ) ಮೂಲೆ.

ಕೊರತೆಗಳೂ ಇವೆ. ಕಿಟಕಿಯ ಗಾಜಿನ ಮೂಲಕ ಏನೂ ಕಾಣದು. ಮಳೆ ಬಂದರೂ ಜಗಲಿಗೆ ಬರಲೇಬೇಕು. ಸಂಜೆ ಹೊತ್ತು ಬಿಸಿಲು ಕುಡಿದ ಮುರಕಲ್ಲಿನ ಗೋಡೆಯೂ ಪಾಗಾರವೂ ಹೊಳೆಯುತ್ತಿರುವುದರಿಂದ ಒಂಬತ್ತು ಗಂಟೆಯವರೆಗೆ ಕಾಯುವುದು ಲೇಸು. ಜೋರು ಮಳೆಯಲ್ಲಿ ಚಿತ್ರ ಸಪ್ಪೆ. ದೂರದಲ್ಲಿರುವುದು ನಾಯಿಯೋ ಹಂದಿಮರಿಯೋ ಎಂಬುದನ್ನು ನಡಿಗೆ ನೋಡಿ ತೀರ್ಮಾನಿಸಬೇಕು, ಒಮ್ಮೆ ನೆರೆಮನೆಯ ನಾಯಿಗೆ ನಾವೇ ಗರ್ನಾಲು ಪಟಾಕಿ ಹೊತ್ತಿಸಿದ್ದುಂಟು.

ಒಬ್ಬನೇ ಕೊಳ್ಳುವುದಾಗಿದ್ದರೆ ಅರುವತ್ತಾರು ಸಾವಿರ ರೂಪಾಯಿಯನ್ನು ನಾನು ಬಿಚ್ಚುತ್ತಿರಲಿಲ್ಲ. ಮೂರು ಪಾಲಾದಾಗ ತಲಾ ಇಪ್ಪತ್ತೆರಡು ಸಾವಿರ ಬಿದ್ದಿತು. ವಾರಕ್ಕೆ ಎರಡು ರಾತ್ರಿ ನನ್ನ ಸರದಿ, ಹನ್ನೊಂದರ ಬಳಿಕ ನನಗೆ ಹೇಗೂ ನಿದ್ರೆ ಬಾರದು. ಬಯಲು ಗದ್ದೆ ಕಾಯುವವರು, ಪ್ರಾಣಿಯ ಮುಖ ಗುರುತಿಸಬೇಕೆನ್ನುವವರು ಡಿಜಿಟಲನ್ನೇ ಕೊಳ್ಳಬಹುದು. ನನ್ನ ಡಿಜಿಟಲನ್ನು ನಾನು ಮಾರಿಲ್ಲ. ಗಬ್ಬದ ದನ ಕರು ಹಾಕುವ ಹೊತ್ತಿಗೆ ಲೈಟು ಹಾಕದೆ ಹಟ್ಟಿಯ ಬಾಗಿಲಿನಿಂದ ಇಣುಕಲು ಅದು ಸಾಕು. ಹಟ್ಟಿಯ ಗೋಡೆಗೆ ಸುಣ್ಣ ಬಳಿಯುವುದನ್ನು ಮಾತ್ರ ಈ ವರ್ಷ ಮುಂದೂಡಿದ್ದೇನೆ.