ಕೋಶವಿಭಜನೆಯನ್ನು ನೋಡಲು ಈರುಳ್ಳಿಯ ಬೇರೋ, ಮೊಗ್ಗೋ?

ಕೋಶವಿಭಜನೆಯನ್ನು ಸೂಕ್ಷ್ಮದರ್ಶಕದಲ್ಲಿ ಸ್ವತಃ ನೋಡಬಯಸುವ ವಿದ್ಯಾರ್ಥಿಗೆ ಈರುಳ್ಳಿ ಗಿಡವೊಂದರಲ್ಲೇ ಎರಡು ಆಯ್ಕೆಗಳಿವೆ: ಬೇರಿನ ತುದಿಯಲ್ಲಿ ಮೈಟಾಸಿಸ್ (ಒಂದು ಕೋಶ ತನ್ನಂಥದ್ದೇ ಎರಡು ಕೋಶಗಳಾಗುವ ವಿಭಜನೆ), ಹೂಮೊಗ್ಗಿನ ಪರಾಗಕೋಶದಲ್ಲಿ ಮಿಯಾಸಿಸ್ (ಅನುವಂಶೀಯ ಗುಣಗಳನ್ನು ಹೊತ್ತ ಎಳೆಗಳಾದ ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿಯುವ ವಿಭಜನೆ).

ಬೇರು ಸುಲಭ. ಗಡ್ಡೆಯ ಬುಡವನ್ನು ನೀರಿಗೆ ತಾಗಿಸಿಟ್ಟರೆ ಕೆಲವೇ ದಿನಗಳಲ್ಲಿ ಬೇರು ಮೂಡುತ್ತದೆ. ಅದರ ತುದಿಯನ್ನಷ್ಟೇ ಕತ್ತರಿಸಿ, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆದುಗೊಳಿಸಿ, ಅಸಿಟೋಕಾರ್ಮೈನ್ ಬಣ್ಣ ಹಾಕಿ ಸ್ಲೈಡಿನ ಮೇಲೆ ಒತ್ತಿದರೆ, 16 ವರ್ಣತಂತುಗಳುಳ್ಳ ಕೋಶಗಳು ಕಾಣುತ್ತವೆ. ಹೆಚ್ಚಿನ ಕೋಶಗಳು ಇಂಟರ್‌ಫೇಸ್‌ನಲ್ಲೇ (ಎರಡು ವಿಭಜನೆಗಳ ನಡುವಿನ ಹಂತ) ಇರುವುದರಿಂದ ಮೆಟಾಫೇಸ್ (ವರ್ಣತಂತುಗಳು ಕೋಶದ ನಡುವೆ ಸಾಲಾಗಿ ನಿಲ್ಲುವ ಹಂತ) ಹುಡುಕಲು ತಾಳ್ಮೆ ಬೇಕು.

ಮೊಗ್ಗು ಕಠಿಣ, ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚು ಕಲಿಸುವಂಥದ್ದು. ಸಮರೂಪಿ ವರ್ಣತಂತುಗಳು (ತಂದೆ-ತಾಯಿ ಕಡೆಯಿಂದ ಒಂದೊಂದಾಗಿ ಬಂದ, ಒಂದಕ್ಕೊಂದು ಹೊಂದುವ ವರ್ಣತಂತುಗಳು) ಜೋಡಿಯಾಗಿ 8 ಜೋಡಿಗಳಾಗುವುದು, ಅವುಗಳ ನಡುವೆ ತುಣುಕುಗಳು ವಿನಿಮಯವಾದ ಗುರುತಾಗಿ ಕಯಾಸ್ಮಾಗಳು (ಅಡ್ಡಹಾಯ್ದ ಬಿಂದುಗಳು) ಉಳಿಯುವುದು, ಕೊನೆಗೆ ಒಂದು ಕೋಶದಿಂದ ನಾಲ್ಕು ಕೋಶಗಳು ಮೂಡುವುದು, ಇವೆಲ್ಲ ಇಲ್ಲಿ ಮಾತ್ರ ಸಿಗುತ್ತವೆ. ಅನುವಂಶೀಯತೆಯ ಕುರಿತ ಮೆಂಡಲ್‌ರ ನಿಯಮಗಳ ಆಧಾರವೂ ಇಲ್ಲೇ ಇದೆ. ತೊಡಕೆಂದರೆ ಮೊಗ್ಗಿನ ವಯಸ್ಸು: ತುಸು ಬಲಿತ ಮೊಗ್ಗಿನಲ್ಲಿ ಆಗಲೇ ಪರಾಗ ರೂಪುಗೊಂಡಿರುತ್ತದೆ. ಆದ್ದರಿಂದ ಒಂದೇ ಗೊಂಚಲಿನ ಬೇರೆ ಬೇರೆ ಗಾತ್ರದ ಮೊಗ್ಗುಗಳನ್ನು ಚಿಕ್ಕದರಿಂದ ಆರಂಭಿಸಿ ಪರೀಕ್ಷಿಸಬೇಕು.

ಮೊದಲ ಬಾರಿ ಸ್ಲೈಡ್ ತಯಾರಿಸುವವರು ಬೇರನ್ನೇ ಆರಿಸಲಿ. ಕೈ ಪಳಗಿದವರು, ಅನುವಂಶೀಯತೆಯನ್ನು ಅರಿಯಬಯಸುವವರು ಮೊಗ್ಗಿಗೆ ಹೋಗಲಿ. ಈರುಳ್ಳಿಯ ಕೋಶಗಳಲ್ಲಿ ಸೆಂಟ್ರಿಯೋಲ್ (ಪ್ರಾಣಿಕೋಶಗಳ ವಿಭಜನೆಯಲ್ಲಿ ಕಾಣುವ ಪುಟ್ಟ ರಚನೆ) ಇಲ್ಲದ ಕಾರಣ ಅದನ್ನು ಎರಡರಲ್ಲೂ ಹುಡುಕಬೇಕಾಗಿಲ್ಲ.