ಬಳ್ಳಾರಿ ಬಿಸಿಲಿಗೆ ದೇಸಿ ಸೇಬರ್ ಕಿಟ್: ಕತ್ತಿ ಗಟ್ಟಿ, ಲಾಮೆ ನಾಜೂಕು

ಫೆನ್ಸಿಂಗ್‌ನ, ಅಂದರೆ ಕತ್ತಿವರಸೆ ಕ್ರೀಡೆಯ, ಒಂದು ಬಗೆಯ ಕತ್ತಿ ಸೇಬರ್. ಪಾರ್ಸೆಲ್‌ನಲ್ಲಿ ಬಳ್ಳಾರಿಗೆ ಬರುವ ದೇಸಿ ಸೇಬರ್ ಕಿಟ್ ಹೊಸಬರಿಗೆ ಧಾರಾಳವಾಗಿ ಸಾಕು. ಆದರೆ ಇದರ ಲಾಮೆಯನ್ನು, ಅಂದರೆ ಏಟು ಬಿದ್ದಾಗ ಮಷೀನಿನ ಲೈಟ್ ಹತ್ತಲೆಂದು ರಕ್ಷಣಾ ಜಾಕೆಟ್ಟಿನ ಮೇಲೆ ತೊಡುವ ಲೋಹದೆಳೆಯ ಜಾಕೆಟ್ಟನ್ನು, ನಮ್ಮೂರಿನ ಬೆವರು ಬೇಗ ತಿಂದುಹಾಕುತ್ತದೆ.

ಕತ್ತಿಯ ಬಗ್ಗೆ ತಕರಾರಿಲ್ಲ. ಸೇಬರ್‌ಗೆ ತುದಿಯಲ್ಲಿ ಬಟನ್ ಇಲ್ಲ, ಅಲಗಿನೊಳಗೆ ವೈರ್ ಇಲ್ಲ. ಇಡೀ ಅಲಗಿನಲ್ಲೇ ಕರೆಂಟ್ ಹರಿಯುತ್ತದೆ. ಮುರಿದರೆ ಪೊಮೆಲ್ (ಹಿಡಿಯ ತುದಿಯ ತಿರುಪು) ಬಿಚ್ಚಿ, ಹಿಡಿ, ಸಾಕೆಟ್ (ವೈರ್ ಸಿಕ್ಕಿಸುವ ಜಾಗ), ಗಾರ್ಡ್ (ಕೈ ಕಾಯುವ ತಗಡು) ಕಳಚಿ ಹೊಸ ಅಲಗು ಕೂರಿಸಿದರಾಯಿತು. ಆರ್ಡರ್ ಮಾಡುವಾಗ ಎಡಗೈಯೋ ಬಲಗೈಯೋ ಹೇಳಲೇಬೇಕು, ಗಾರ್ಡ್ ಮತ್ತು ಜಾಕೆಟ್ ಎರಡೂ ಅದರ ಮೇಲೆ ನಿಂತಿವೆ. ದೊಡ್ಡವರಿಗೆ 5ನೇ ಸೈಜ್ ಅಲಗು, ಚಿಕ್ಕ ಮಕ್ಕಳಿಗೆ 0 ಅಥವಾ 2. ಸಾಕೆಟ್ ಎರಡು ಪಿನ್ನಿನದಾಗಿ, ಕತ್ತಿಯನ್ನು ಮಷೀನಿಗೆ ಜೋಡಿಸಲು ಆಟಗಾರ ಧರಿಸುವ ಬಾಡಿ ವೈರ್ ಬಯೊನೆಟ್‌ನದಾಗಿದ್ದರೆ (ತಿರುಗಿಸಿ ಲಾಕ್ ಮಾಡುವ ಬಗೆ) ಎರಡೂ ಕೂಡುವುದೇ ಇಲ್ಲ.

ಲಾಮೆಗೆ ಬರೋಣ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಬೆವರಿನ ಉಪ್ಪು ಲೋಹದೆಳೆಗೆ ಕಿಲುಬು ಹಿಡಿಸುತ್ತದೆ. ಒದ್ದೆ ಲಾಮೆಯನ್ನು ಮಡಚಿ ಬ್ಯಾಗಿಗೆ ತುರುಕಿದರಂತೂ ಎಳೆಗಳೂ ಮುರಿಯುತ್ತವೆ. ಅಲ್ಲಿಗೆ ಎದುರಾಳಿಯ ಏಟು ಬಿದ್ದರೂ ಲೈಟ್ ಹತ್ತದು, ವೆಪನ್ ಚೆಕ್‌ನಲ್ಲಿ, ಅಂದರೆ ಪಂದ್ಯಕ್ಕೆ ಮುಂಚಿನ ಸಲಕರಣೆ ತಪಾಸಣೆಯಲ್ಲಿ, ವಾಪಸ್ ಕಳಿಸುತ್ತಾರೆ. ಆಟ ಮುಗಿದ ಕೂಡಲೇ ಹ್ಯಾಂಗರ್‌ಗೆ ಹಾಕಿ. ತಣ್ಣೀರಲ್ಲಿ ಸೌಮ್ಯ ಲಿಕ್ವಿಡ್ ಸೋಪು ಬೆರೆಸಿ ಅದ್ದಿ ತೆಗೆಯಿರಿ. ಬ್ರಷ್ ಬೇಡ, ಹಿಂಡಬೇಡಿ. ಬೋರ್‌ವೆಲ್ ನೀರು ಗಡುಸು, ಆದ್ದರಿಂದ ಕೊನೆಯ ಜಾಲಾಟ ಫಿಲ್ಟರ್ ನೀರಲ್ಲಿ. ಒಣಗಿಸುವುದು ನೆರಳಲ್ಲಿ.

ಪರೀಕ್ಷೆಗೆ ಮಲ್ಟಿಮೀಟರ್ ಸಾಕು. 200 ಓಮ್‌ಗೆ ಇಟ್ಟು, ಮೊದಲು ಎರಡು ಪ್ರೋಬ್ ತಾಗಿಸಿ ಬರುವ ಅಂಕಿಯನ್ನು ಕಳೆಯಿರಿ. ನಂತರ ತೋಳಿನ ಅಂಚಿನಿಂದ ಬೆನ್ನಿನವರೆಗೆ ಬೇರೆಬೇರೆ ಕಡೆ ಅಳೆಯಿರಿ. 5 ಓಮ್ ಮೀರಬಾರದು. ಲಾಮೆ ಸರಿಯಿದ್ದೂ ಮಾಸ್ಕ್ ಮೇಲೆ ಬಿದ್ದ ಏಟಿಗೆ ಲೈಟ್ ಹತ್ತದಿದ್ದರೆ, ಮಾಸ್ಕನ್ನು ಲಾಮೆಗೆ ಜೋಡಿಸುವ ಮಾಸ್ಕ್ ವೈರಿನ ಕ್ಲಿಪ್ ನೋಡಿ. ಸಡಿಲ ಕ್ಲಿಪ್ಪೇ ಎಷ್ಟೋ ಸಲ ಕಾರಣ.

ಲಾಮೆಯ ಒಳಗೆ ತೊಡುವ ರಕ್ಷಣಾ ಜಾಕೆಟ್ಟಿನ ಜಿಪ್ ಹೋದರೆ ಬಳ್ಳಾರಿಯ ಜೀನ್ಸ್ ಟೈಲರ್‌ಗಳಿಗಿಂತ ಒಳ್ಳೆಯ ಕೈ ಎಲ್ಲಿ ಸಿಗಬೇಕು? ಬಟ್ಟೆಯೇ ಹರಿದಿದ್ದರೆ ಮಾತ್ರ ತೇಪೆ ಹಾಕಿಸದೆ ಜಾಕೆಟ್ಟನ್ನೇ ಬದಲಿಸಿ. ಇದು ಪ್ರಾಣದ ವಿಷಯ.

ಕಿಟ್‌ನ ರಕ್ಷಣಾ ಜಾಕೆಟ್ 350 ನ್ಯೂಟನ್‌ನದು (ಬಟ್ಟೆ ಚುಚ್ಚಿಹೋಗದೆ ತಡೆಯುವ ಬಲದ ಅಳತೆ ಇದು), ಕಲಿಕೆಗೆ ತಕ್ಕದ್ದು. ಭಾರತದಿಂದ ಮೊದಲ ಬಾರಿಗೆ ಒಲಿಂಪಿಕ್ಸ್ ಫೆನ್ಸಿಂಗ್‌ಗೆ ಇಳಿದ ಭವಾನಿ ದೇವಿ ಆಡಿದ್ದೂ ಸೇಬರ್‌ನಲ್ಲೇ. ಆ ಮಟ್ಟದ ಅಂತರರಾಷ್ಟ್ರೀಯ ಕಣಕ್ಕೆ 800 ನ್ಯೂಟನ್ ಬೇಕು. ಬೆಳೆಯುವ ಮಕ್ಕಳಿಗೆ ಅಷ್ಟು ದುಬಾರಿಯದನ್ನು ಈಗಲೇ ಕೊಳ್ಳಬೇಡಿ. ಆ ದುಡ್ಡಲ್ಲಿ ಎರಡನೇ ಲಾಮೆ, ಹೆಚ್ಚುವರಿ ಬಾಡಿ ವೈರ್, ಎರಡು ಅಲಗು ತೆಗೆದಿಡಿ.