ಸಾಗರದ ಮಕ್ಕಳ ರಂಗಶಿಬಿರಕ್ಕೆ ಮಗಳನ್ನು ಕಳಿಸಿದ ಮೇಲೆ

ನನ್ನ ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಬಾಯಿಗೆ ಬಿಡುವಿಲ್ಲ, ಹೊರಗಿನವರು ಹೆಸರು ಕೇಳಿದರೆ ಮಾತ್ರ ಅಮ್ಮನ ಬೆನ್ನ ಹಿಂದೆ. ಹಿಂದೊಮ್ಮೆ ಶಾಲೆಯ ವಾರ್ಷಿಕೋತ್ಸವದಲ್ಲಿ ಮಾತು ಮರೆತು ನಿಂತಿದ್ದಳು. ಕೈ ಹಿಡಿದು ಕೆಳಗಿಳಿಸಿದರು. ಅವತ್ತಿಂದ ಉತ್ತರ ಗೊತ್ತಿದ್ದರೂ ತರಗತಿಯಲ್ಲಿ ಕೈ ಎತ್ತುತ್ತಿರಲಿಲ್ಲ. ಅದಕ್ಕೇ ಈ ಏಪ್ರಿಲ್‌ನಲ್ಲಿ ಸಾಗರದ 15 ದಿನದ ರಂಗಶಿಬಿರಕ್ಕೆ ಸೇರಿಸಿದೆ.

ಹೇಳಿಕೊಡುವ ಇಬ್ಬರೂ ಹೆಗ್ಗೋಡಿನ ನೀನಾಸಂನಲ್ಲಿ ಕಲಿತವರು. ನನ್ನ ನಂಬಿಕೆಗೆ ಅಷ್ಟು ಸಾಕಾಗಿತ್ತು. ಅಡಿಕೆ ತೋಟದ ನಡುವೆ 1949ರಲ್ಲಿ ಹುಟ್ಟಿದ ಸಂಘ ಅದು. ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ.

ಮೊದಲ ನಾಲ್ಕು ದಿನ ನಾಟಕದ ಮಾತೇ ಇಲ್ಲ. ಮಕ್ಕಳನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಒಂದೊಂದು ನೋಟ್‌ಬುಕ್ ಇಡುತ್ತಿದ್ದರು. ಉಸಿರು ತೆಗೆದುಕೊಂಡಾಗ ಪುಸ್ತಕ ಏಳಬೇಕು, ಬಿಟ್ಟಾಗ ಇಳಿಯಬೇಕು. ಆಮೇಲೆ ಅಂಗಳದ ಆ ತುದಿಯ ಹಲಸಿನ ಮರದ ಹತ್ತಿರ ಮೇಷ್ಟ್ರು ನಿಲ್ಲುವುದು, ಮಕ್ಕಳು ಈ ತುದಿಯಿಂದ ತಮ್ಮ ಹೆಸರು ಹೇಳುವುದು. ಕಿರುಚುವಂತಿಲ್ಲ. ಕೇಳಿಸದಿದ್ದರೆ ಅವರೇ ನಾಲ್ಕು ಹೆಜ್ಜೆ ಹತ್ತಿರ ಬರುತ್ತಿದ್ದರು. ‘ಜೋರಾಗಿ ಹೇಳು’ ಎಂದು ಒಮ್ಮೆಯೂ ಗದರಲಿಲ್ಲ. ಮೊದಲ ದಿನ ನನ್ನ ಮಗಳ ಎದುರಿಗೇ ಬಂದು ನಿಲ್ಲಬೇಕಾಯಿತು. ಎಂಟನೆಯ ದಿನ ಅವರು ಮರದ ಬುಡ ಬಿಟ್ಟು ಕದಲಲಿಲ್ಲ.

ಇನ್ನೊಂದು ಕಟ್ಟುಪಾಡಿತ್ತು. ಯಾರಾದರೂ ಮಾತು ಮರೆತರೆ ನಗುವಂತಿಲ್ಲ, ಪಿಸುಗುಟ್ಟಿ ಹೇಳಿಕೊಡುವಂತೆಯೂ ಇಲ್ಲ. ಪಕ್ಕದಲ್ಲಿದ್ದವರು ಅವರ ಹತ್ತಿರ ಹೋಗಿ ಹಿಂದಿನ ಮಾತನ್ನು ಇನ್ನೊಮ್ಮೆ ಆಡಬೇಕು. ದಿನಾ ಬೇಕೆಂದೇ ಮರೆಸಿ ಇದನ್ನು ಅಭ್ಯಾಸ ಮಾಡಿಸುತ್ತಿದ್ದರು.

ಕೊನೆಯ ದಿನ ಕೆರೆಯ ಕಪ್ಪೆಗಳ ನಾಟಕ, ಕತೆ ಮಕ್ಕಳೇ ಕಟ್ಟಿದ್ದು. ನಡುವೆ ಒಬ್ಬ ಹುಡುಗ ಮರೆತು ನಿಂತ. ನನ್ನ ಎದೆ ಧಸಕ್ಕೆಂದಿತು. ಮಗಳು ಕುಪ್ಪಳಿಸಿಕೊಂಡು ಅವನ ಪಕ್ಕಕ್ಕೆ ಹೋದಳು, ‘ಕೆರೆ ಬತ್ತಿತಂತೆ, ಎಲ್ಲಿಗೆ ಹೋಗೋಣ?’ ಎಂದು ಮತ್ತೆ ಕೇಳಿದಳು. ಅವನಿಗೆ ನೆನಪಾಯಿತು, ನಾಟಕ ಮುಂದೆ ಹೋಯಿತು. ನೋಡುತ್ತಿದ್ದವರಿಗೆ ಗೊತ್ತೇ ಆಗಲಿಲ್ಲ. ನನಗೆ ಕಣ್ಣು ತುಂಬಿತು. ವಾರ್ಷಿಕೋತ್ಸವದ ದಿನ ಅವಳ ಪಕ್ಕಕ್ಕೂ ಹೀಗೆ ಒಬ್ಬರು ಬಂದಿದ್ದರೆ ಸಾಕಿತ್ತು.

ಕೊರತೆಯನ್ನೂ ಹೇಳಬೇಕು. ಅಷ್ಟು ಚಂದ ದನಿ ತೆಗೆಯಲು ಕಲಿಸಿ ಪ್ರದರ್ಶನಕ್ಕೆ ಮೈಕ್ ಕಟ್ಟಬಾರದಿತ್ತು. ಅದರ ಕಿರ್ರೆನ್ನುವ ಸದ್ದಿಗೆ ಸಣ್ಣ ಮಕ್ಕಳು ಬೆಚ್ಚಿದರು. ಸಂಜೆ ಬಿಡುವ ಹೊತ್ತನ್ನು ಹಳ್ಳಿಯ ಬಸ್ಸಿಗೆ ಹೊಂದಿಸಿದರೆ ನಮ್ಮಂಥವರಿಗೆ ಅನುಕೂಲ. ಊಟ, ಶುಲ್ಕದ ಬಗ್ಗೆ ತಕರಾರಿಲ್ಲ.

ಅಡಿಕೆ ಹಾಳೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಕತ್ತರಿಸಿ ಮಾಡಿದ ಕಪ್ಪೆಯ ಮುಖವಾಡ ಮನೆಗೆ ಬಂದಿದೆ. ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ, ಬರುವ ವರ್ಷಕ್ಕೂ ಬೇಕು ಎಂದು ಮಗಳೇ ಅದನ್ನು ಬಚ್ಚಲೊಲೆಯ ಮೇಲೆ, ಹೊಗೆ ತಾಗುವಲ್ಲಿ ತೂಗುಹಾಕಿಸಿದ್ದಾಳೆ.